ಆರನೆಯ ನಿಜಾಮರು ಮತ್ತು ಗುಮಾಸ್ತನ ಸಂಸಾರ

ನಮ್ಮ ಜಿಲ್ಲೆಯ ಅಧ್ಯಾಪಕರ, ಗುಮಾಸ್ತರ ಸಂಬಳದ ಪಟ್ಟಿಯಲ್ಲಿ ಸ್ಟೇಟ್ ಲೈಫ್ ಇನ್ಶೂರೆನ್ಸ್ ಎಂಬ ಹೆಸರಿನ ಒಂದು ಕಡಿತ ತಿಂಗಳು ತಿಂಗಳು ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರು ಅದನ್ನು ಗಮನಿಸುವುದೂ ಇಲ್ಲ. ಅದರ ಬೇರು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ತಿರುವಾಂಕೂರು ಸಂಸ್ಥಾನ ತನ್ನ ನೌಕರರಿಗಾಗಿ ತೆಗೆದ ಜೀವವಿಮೆಯಲ್ಲಿದೆ ಎಂದು ತಿಳಿದವರು ಇನ್ನೂ ಕಡಿಮೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದಾಗ, ನಾವು ಎಂದೂ ಕಾಣದ ಒಬ್ಬ ಮಹಾರಾಜರ ಕಾಲದ ಏರ್ಪಾಡು ನಮ್ಮ ಮಾಸ್ತರುಗಳ ಕೈಗೆ ಹೀಗೆ ಬಂತು.

ಇಂಥದೇ ಕತೆಯ ಇನ್ನೊಂದು ಊರಗುಂಪು ಕೃಷ್ಣಾ ನದಿಯ ಎರಡು ದಡಗಳಲ್ಲಿದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಎಂಬ ಈ ಮೂರು ಊರುಗಳೂ ಈಗ ತೆಲಂಗಾಣದಲ್ಲಿವೆ. ಸೀರೆಯ ಹೆಸರಿನಿಂದ ನಮ್ಮ ಮನೆಯ ಹೆಂಗಸರಿಗೆ ನಾರಾಯಣಪೇಟೆ, ಗದ್ವಾಲ್ ಎರಡೂ ಗೊತ್ತು. ಆದರೆ ಆ ಸೀಮೆಯ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡವೆಂಬುದು, ರಾಯಚೂರಿಗೆ ತಾಗಿದ ಗಡಿಯಲ್ಲಿ ಕನ್ನಡ ಕಲಿಸುವ ಶಾಲೆಗಳಿವೆ ಎಂಬುದು ನಮ್ಮವರಿಗೂ ಅಷ್ಟಾಗಿ ತಿಳಿಯದು. ಅಲ್ಲಿನ ಸರಕಾರಿ ನೌಕರರ ಸಂಬಳದಲ್ಲೂ ಸರಕಾರದ ಜೀವವಿಮೆಯ ಕಡಿತವಿದೆ. ಅಲ್ಲಿನ ಇಲಾಖೆ ತನ್ನ ವಯಸ್ಸನ್ನು 1907ರಿಂದ ಎಣಿಸುತ್ತದೆ. ಆಗ ಹೈದರಾಬಾದಿನ ಗಾದಿಯಲ್ಲಿದ್ದವರು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು. ಅವರ ಜೀವನದ ಕತೆಯನ್ನು ಹೇಳುವವರು ಹುಲಿ, ವಜ್ರ, ದಾನಗಳ ವಿಷಯ ಹೇಳಿ ನಿಲ್ಲಿಸುವುದೇ ವಾಡಿಕೆ. ನಾವು ಇಂದು ಆ ಕಡಿತದ ಕಡೆಯಿಂದ ಅವರನ್ನು ನೋಡೋಣ.

ಮಹಬೂಬ್ ಅಲಿ ಖಾನರು ಹುಟ್ಟಿದ್ದು 1866ರ ಆಗಸ್ಟಿನಲ್ಲಿ. ತಂದೆ ಅಫ್ಜಲುದ್ದೌಲರು 1869ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಮಗುವಿಗೆ ಮೂರು ವರ್ಷವೂ ತುಂಬಿರಲಿಲ್ಲ. ಆ ಮಗುವನ್ನೇ ಗಾದಿಯ ಮೇಲೆ ಕೂರಿಸಿದರು. ರಾಜ್ಯಭಾರವೆಲ್ಲ ದಿವಾನ ಒಂದನೆಯ ಸಾಲಾರ್ ಜಂಗರ ಕೈಯಲ್ಲಿತ್ತು. ಹತ್ತು ಹನ್ನೊಂದರ ಪ್ರಾಯದಲ್ಲಿ, 1877ರ ದಿಲ್ಲಿ ದರ್ಬಾರಿಗೆ ಬಾಲಕ ನಿಜಾಮರನ್ನು ಕರೆದೊಯ್ದರು. ಪಾಠ ಹೇಳಲು ಕ್ಯಾಪ್ಟನ್ ಜಾನ್ ಕ್ಲಾರ್ಕ್ ಎಂಬ ಆಂಗ್ಲರನ್ನು ಇಟ್ಟಿದ್ದರು. ಅರಮನೆಯಲ್ಲಿ ಉರ್ದು, ಪಾರ್ಸಿ, ಅರಬ್ಬೀ ಕಲಿಕೆಯೂ ನಡೆದಿತ್ತು. 1883ರಲ್ಲಿ ಸಾಲಾರ್ ಜಂಗರು ಕಾಲರಾಕ್ಕೆ ತುತ್ತಾದರು. ಮರುವರ್ಷ ಫೆಬ್ರವರಿ 5ರಂದು ವೈಸರಾಯ್ ರಿಪನ್ನರು ಹೈದರಾಬಾದಿಗೆ ಬಂದು ಹದಿನೇಳರ ತರುಣನಿಗೆ ಪೂರ್ಣ ಅಧಿಕಾರ ಒಪ್ಪಿಸಿದರು.

ಸಾಲಾರ್ ಜಂಗರು ಬಿಟ್ಟುಹೋದ ರಾಜ್ಯ ಅವರು ವಹಿಸಿಕೊಂಡ ರಾಜ್ಯದಂತಿರಲಿಲ್ಲ. ನಮ್ಮ ಕತೆಗೆ ಮುಖ್ಯವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಹಿಂದೆ ಕಂದಾಯ ಎತ್ತುವ ಕೆಲಸ ಗುತ್ತಿಗೆದಾರರದಾಗಿತ್ತು. ಹಳ್ಳಿಯ ಲೆಕ್ಕ ವತನದಾರರದು. ದೇಶಮುಖ, ದೇಶಪಾಂಡೆ, ಕುಲಕರ್ಣಿ ಎಂಬ ಹೆಸರುಗಳು ರಾಯಚೂರು, ಕಲಬುರ್ಗಿ ಕಡೆ ಇಂದಿಗೂ ಮನೆತನದ ಹೆಸರಾಗಿ ಉಳಿದಿವೆ. ವತನದಾರ ಸತ್ತರೆ ವತನ ಸಾಯುತ್ತಿರಲಿಲ್ಲ. ಮಗ ಕೂರುತ್ತಿದ್ದ, ಮಗ ಚಿಕ್ಕವನಾದರೆ ಅವನ ಹೆಸರಿನಲ್ಲಿ ದಾಯಾದಿ ಬರೆಯುತ್ತಿದ್ದ. ಇನಾಮು ಭೂಮಿ ಮನೆಯಲ್ಲೇ ಇರುತ್ತಿತ್ತು. ವಿಧವೆಗೆ ಗೌರವ ಸಿಕ್ಕಿತೋ ಇಲ್ಲವೋ, ಅನ್ನಕ್ಕೆ ದಾರಿ ಇತ್ತು.

ಸಾಲಾರ್ ಜಂಗರು 1865ರ ಸುಮಾರಿಗೆ ರಾಜ್ಯವನ್ನು ಜಿಲ್ಲೆಗಳಾಗಿ ಒಡೆದರು. ಜಿಲ್ಲೆಗೆ ತಾಲ್ಲೂಕುದಾರ, ಅವನ ಕೆಳಗೆ ತಹಸೀಲ್ದಾರ, ಅವನ ಕಚೇರಿಯಲ್ಲಿ ಗುಮಾಸ್ತರು, ಜಮಾದಾರರು, ಪೋಲೀಸು, ಮುನಸೀಫರು ಎಂಬಂತೆ ಎಲ್ಲರೂ ತಿಂಗಳ ಸಂಬಳದವರಾದರು. ಇದು ದೊಡ್ಡ ಸುಧಾರಣೆಯೇ. ಆದರೆ ಸಂಬಳದ ಮನುಷ್ಯ ಸತ್ತ ದಿನ ಸಂಬಳವೂ ಸತ್ತಿತು. ಊರು ಬಿಟ್ಟು ಮಕ್ತಲಿನಂಥ ಕಸ್ಬೆಗೆ ವರ್ಗವಾಗಿ ಬಂದು ಬಾಡಿಗೆ ಮನೆಯಲ್ಲಿದ್ದ ಗುಮಾಸ್ತ ಮೂರು ದಿನದ ಜ್ವರದಲ್ಲಿ ಹೋದರೆ, ಹೆಂಡತಿಗೆ ಹಿಂತಿರುಗಲು ಗಾಡಿ ಬಾಡಿಗೆಯೂ ಇರದು. ಪಿಂಚಣಿ ಎಂಬುದು ಬದುಕಿ ನಿವೃತ್ತನಾದವನಿಗೆ ಮಾತ್ರ. ಹೊಸ ಆಡಳಿತದ ಈ ಬಿರುಕು ಮೈಸೂರಿನಲ್ಲೂ ಇತ್ತು, ತಿರುವಾಂಕೂರಿನಲ್ಲೂ ಇತ್ತು, ಬ್ರಿಟಿಷರ ಪ್ರಾಂತಗಳಲ್ಲೂ ಇತ್ತು.

ಗದ್ವಾಲ್ ಮಾತ್ರ ಬೇರೆ ಲೋಕ. ಅದು ನಿಜಾಮರಿಗೆ ಕಪ್ಪ ಕೊಡುವ ಸಂಸ್ಥಾನ, ಆಗ ರಾಯಚೂರು ಜಿಲ್ಲೆಯ ಎಲ್ಲೆಯೊಳಗೆ ಎಣಿಕೆಯಾಗುತ್ತಿತ್ತು. ಒಂದು ಕಾಲಕ್ಕೆ ತನ್ನದೇ ನಾಣ್ಯವನ್ನೂ ಹೊಡೆಸುತ್ತಿತ್ತು. ಕೋಟೆಯೊಳಗಿನ ರಾಜಮನೆತನವೇ ಅಲ್ಲಿ ಧಣಿ. ಪಂಡಿತ ಸತ್ತರೆ ಮಕ್ಕಳಿಗೆ ವರ್ಷಾಶನ ಕೊಡುವುದೂ ಬಿಡುವುದೂ ಧಣಿಯ ಮರ್ಜಿ. ನದಿಯ ಆ ಕಡೆ ಮಕ್ತಲ್ ತಾಲ್ಲೂಕಿನಲ್ಲಿ ಸಂಬಳ, ಈ ಕಡೆ ಗದ್ವಾಲಿನಲ್ಲಿ ಮರ್ಜಿ. ನಾರಾಯಣಪೇಟೆಯ ನೇಕಾರನಿಗೆ ಎರಡೂ ಇಲ್ಲ, ಮಗ್ಗ ನಿಂತರೆ ಸಾಲ.

ತರುಣ ನಿಜಾಮರ ಸ್ವಭಾವವೂ ಮರ್ಜಿಯ ಕಡೆಗೇ ಒಲಿದಿತ್ತೆಂದು ಹೇಳಬೇಕು. ಕೇಳಿದವರಿಗೆ ಕೊಡುವುದು, ಕೇಳದವರಿಗೂ ಕೊಡುವುದು. 1887ರಲ್ಲಿ ವಾಯವ್ಯ ಗಡಿಯ ರಕ್ಷಣೆಗೆಂದು ಬ್ರಿಟಿಷ್ ಸರಕಾರಕ್ಕೆ 60 ಲಕ್ಷ ರೂಪಾಯಿ ಕೊಡಲು ಮುಂದೆ ಬಂದರು. ವೇಷ ಮರೆಸಿ ರಾತ್ರಿ ಪೇಟೆಯಲ್ಲಿ ಸುತ್ತುತ್ತಿದ್ದರೆಂದೂ, ಹಾವು ಕಚ್ಚಿದವರು ಅವರ ಹೆಸರು ಹೇಳಿದರೆ ವಿಷ ಇಳಿಯುತ್ತಿತ್ತೆಂದೂ ಜನ ನಂಬುತ್ತಿದ್ದರು. ಹಾವಿನ ಕತೆಯನ್ನು ನಾವು ನಂಬಬೇಕಾಗಿಲ್ಲ. ಆದರೆ ದೊರೆಯ ಹೆಸರಿಗೆ ಜನ ಆ ಶಕ್ತಿ ಕಟ್ಟಿದರೆಂಬುದು ಅವರ ಮೇಲಿದ್ದ ಪ್ರೀತಿಗೆ ಸಾಕ್ಷಿ. ಪಾಲಮೂರು 1890ರಲ್ಲಿ ಮಹಬೂಬನಗರವಾದದ್ದು ಅವರ ಹೆಸರಿನಿಂದಲೇ.

ಖರ್ಚಿಗೆ ಲೆಕ್ಕವಿರಲಿಲ್ಲ. 1891ರಲ್ಲಿ ಜೇಕಬ್ ಎಂಬ ರತ್ನವ್ಯಾಪಾರಿಯಿಂದ ದೊಡ್ಡ ವಜ್ರವೊಂದನ್ನು ಕೊಳ್ಳಹೊರಟು ಲಕ್ಷಗಟ್ಟಲೆ ಮುಂಗಡ ಕೊಟ್ಟದ್ದು, ಅದು ಕಲ್ಕತ್ತೆಯ ಹೈಕೋರ್ಟಿಗೇರಿದ್ದು ದೇಶವೆಲ್ಲ ಕೇಳಿದ ಸುದ್ದಿ. ಕೊನೆಗೆ ಆ ವಜ್ರ ಬೂಟಿನೊಳಗೆ ಬಿದ್ದಿತ್ತೆಂದೂ, ಮಗ ಉಸ್ಮಾನ್ ಅಲಿ ಖಾನರು ಅದನ್ನು ಕಾಗದದ ಮೇಲೆ ಭಾರವಾಗಿ ಇಟ್ಟುಕೊಂಡರೆಂದೂ ಹೇಳುತ್ತಾರೆ. ದೊರೆಯ ಖಾಸಗಿ ಖರ್ಚಿಗೂ ರಾಜ್ಯದ ಬೊಕ್ಕಸಕ್ಕೂ ಗೋಡೆ ತೆಳ್ಳಗಿದ್ದ ಕಾಲ ಅದು.

ಇದಕ್ಕಿಂತ ಪಾಠ ಕಲಿಸಿದ್ದು ಗಣಿಯ ಹಗರಣ. ಸಿಂಗರೇಣಿಯ ಕಲ್ಲಿದ್ದಲು ಮುಂತಾದ ಗಣಿಗಳ ಹಕ್ಕನ್ನು 1886ರಲ್ಲಿ ಕೆಲವು ವ್ಯಾಪಾರಿಗಳಿಗೆ ಕೊಟ್ಟರು. ಅವರು ಲಂಡನ್ನಿನಲ್ಲಿ ಹೈದರಾಬಾದ್ ಡೆಕ್ಕನ್ ಕಂಪೆನಿ ಎಂದು ತೆರೆದು ಪೆಟ್ಟೇನೂ ಹಾಕದೆ ಷೇರುಗಳನ್ನು ತಾವೇ ಹಂಚಿಕೊಂಡರು. ಷೇರಿನ ಬೆಲೆ ಏರಿಸಿ ಅದನ್ನೇ ನಿಜಾಮರ ಸರಕಾರಕ್ಕೂ ಮಾರಿದರು. ಸರಕಾರದ ಪರವಾಗಿ ಕೊಂಡ ಅಬ್ದುಲ್ ಹಕ್ ಎಂಬ ಅಧಿಕಾರಿಯ ಸ್ವಂತ ಷೇರುಗಳೇ ಅದರಲ್ಲಿದ್ದುವೆಂದು ಹೊರಬಿತ್ತು. 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ವಿಚಾರಣೆ ನಡೆಸಿತು. ದೂರದ ಕಂಪೆನಿಯ ಕಾಗದವನ್ನು ನಂಬಿ ಹಣ ಕೊಡುವುದೆಂದರೇನೆಂದು ಹೈದರಾಬಾದಿನ ಖಜಾನೆಗೆ ಆಗ ಅರ್ಥವಾಗಿರಬೇಕು.

ಜೀವವಿಮೆಯ ಕಂಪೆನಿಯೂ ಕಾಗದವೇ ಅಲ್ಲವೇ. ಆ ಕಾಲದಲ್ಲಿ ವಿಮೆ ಯಾರ ಕೈಯಲ್ಲಿತ್ತೆಂದು ನೋಡಿದರೆ ಈ ಮಾತು ತಿಳಿಯಾಗುತ್ತದೆ. ಆಂಗ್ಲ ಕಂಪೆನಿಗಳು ಬಹುಕಾಲ ಭಾರತೀಯರ ಜೀವವನ್ನು ಹೆಚ್ಚಿನ ದರಕ್ಕಲ್ಲದೆ ಒಪ್ಪುತ್ತಿರಲಿಲ್ಲ. ಮುಂಬಯಿಯ ಮ್ಯೂಚುವಲ್ ಸಂಸ್ಥೆ 1870ರ ಸುಮಾರಿಗೆ ಈ ಭೇದವನ್ನು ಮುರಿಯಿತು, 1874ರಲ್ಲಿ ಓರಿಯಂಟಲ್ ಬಂತು. ಅಂಚೆ ಇಲಾಖೆ ತನ್ನ ನೌಕರರಿಗೆ 1884ರಲ್ಲಿ ವಿಮೆ ತೆಗೆಯಿತು. ಸ್ವದೇಶಿ ಚಳವಳಿಯ ಬಿಸಿಯಲ್ಲಿ 1906, 1907ರಲ್ಲಿ ಮದರಾಸಿನ ಯುನೈಟೆಡ್ ಇಂಡಿಯಾ, ಕಲ್ಕತ್ತೆಯ ನ್ಯಾಷನಲ್, ಹಿಂದೂಸ್ಥಾನ್ ಕೋಆಪರೇಟಿವ್ ಮುಂತಾದವು ಹುಟ್ಟಿದವು. ಇವು ಬಾಳಿದವು. ಇವುಗಳ ಬೆನ್ನಿಗೆ ಬಂದ ಪುಟ್ಟ ಪುಟ್ಟ ಸಂಸ್ಥೆಗಳಲ್ಲಿ ಅನೇಕವು ಬಾಳಲಿಲ್ಲ. ಇಂದು ಸೇರಿದವನ ಕಂತಿನಿಂದ ನಿನ್ನೆ ಸತ್ತವನಿಗೆ ಹಂಚುವುದು, ಸೇರುವವರು ನಿಂತಾಗ ಬಾಗಿಲು ಹಾಕುವುದು, ಇದೇ ಅವುಗಳ ವ್ಯಾಪಾರ. ಅಂಥವರನ್ನು ಹಿಡಿಯಲು ವಿಮೆಗೆಂದೇ ಬ್ರಿಟಿಷ್ ಇಂಡಿಯದಲ್ಲಿ ಕಾಯಿದೆ ಬಂದದ್ದು 1912ರಲ್ಲಿ. ಆ ಕಾಯಿದೆಯೂ ನಿಜಾಮರ ಸೀಮೆಯೊಳಗೆ ನಡೆಯುವಂಥದಲ್ಲ.

ಹಾಗಿರುವಾಗ ಒಂದು ಸಂಸ್ಥಾನದ ಸರಕಾರಕ್ಕೆ ಎರಡು ದಾರಿ. ಕಂಪೆನಿಗಳಿಗೆ ಕಟ್ಟುಪಾಡು ಹಾಕಿ ಕಾವಲು ಕೂರುವುದು ಒಂದು. ಅಮೆರಿಕದ ಸಂಸ್ಥಾನಗಳು ಆ ದಾರಿ ಹಿಡಿದಿದ್ದವು. ಅಲ್ಲಿ ಮಸಾಚುಸೆಟ್ಸ್ ಸಂಸ್ಥಾನದ ಎಲಿಜರ್ ರೈಟ್ ಎಂಬ ಗಣಿತಜ್ಞರು, ಪ್ರತಿ ಕಂಪೆನಿಯೂ ಮುಂದೆ ಕೊಡಬೇಕಾದ ಹಣಕ್ಕೆ ತಕ್ಕ ನಿಧಿಯನ್ನು ಈಗಲೇ ಇಟ್ಟಿರಬೇಕೆಂದು 1850ರ ದಶಕದಲ್ಲೇ ಹಟ ಹಿಡಿದು ಕಾಯಿದೆ ಮಾಡಿಸಿದರು. ಇಂದಿಗೂ ಅಲ್ಲಿ ವಿಮೆಯ ಕಾವಲು ರಾಜ್ಯ ರಾಜ್ಯದ್ದೇ. ಎರಡನೆಯ ದಾರಿ ಸರಕಾರ ತಾನೇ ವಿಮೆಗಾರನಾಗುವುದು. ಮೈಸೂರು 1891ರಲ್ಲಿ ಈ ದಾರಿ ಹಿಡಿಯಿತು. ಚಾಮರಾಜೇಂದ್ರ ಒಡೆಯರ ಆಳ್ವಿಕೆ, ದಿವಾನರು ಕೆ. ಶೇಷಾದ್ರಿ ಅಯ್ಯರ್. ಅಯ್ಯರ್ ನಮ್ಮ ಕೇರಳದ ಪಾಲಕ್ಕಾಡು ಕಡೆಯವರೆಂಬುದನ್ನು ಇಲ್ಲಿ ನೆನೆಯುವುದು ತಪ್ಪಲ್ಲ. ಮೈಸೂರಿನ ಹಿಂದೆ ತಿರುವಾಂಕೂರು, ಅದರ ಹಿಂದೆ ಹೈದರಾಬಾದು.

ಹೈದರಾಬಾದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಹಬೂಬ್ ಅಲಿ ಖಾನರಿಗೆ ನಲ್ವತ್ತು ದಾಟಿತ್ತು. ನಡುವೆ ದಿವಾನರು ಬದಲಾಗಿದ್ದರು. 1893ರಲ್ಲಿ ಮಂತ್ರಿಮಂಡಲಕ್ಕೂ ಶಾಸನಸಭೆಗೂ ನಿಯಮಗಳಾದವು. 1902ರಲ್ಲಿ ವರ್ಷಕ್ಕೆ 25 ಲಕ್ಷದ ಗೇಣಿಗೆ ಬೇರಾರ್ ಪ್ರಾಂತವನ್ನು ಕರ್ಜನ್ನರು ಶಾಶ್ವತವಾಗಿ ಬರೆಸಿಕೊಂಡರು. ನಿಜಾಮರ ಮನಸ್ಸಿಗೆ ಅದು ಆರದ ಗಾಯವಾಯಿತೆನ್ನುತ್ತಾರೆ. ಆದರೆ ಅದೇ ವರ್ಷಗಳಲ್ಲಿ ಖಜಾನೆಗೆ ಒಂದು ಶಿಸ್ತೂ ಬಂತು. ಮಹಾರಾಜಾ ಕಿಷನ್ ಪ್ರಸಾದರು ಪ್ರಧಾನಿ, ಜಾರ್ಜ್ ಕ್ಯಾಸನ್ ವಾಕರ್ ಎಂಬವರು ಹಣಕಾಸಿನ ಮಂತ್ರಿ. ವಾಕರರು ಲೆಕ್ಕಪತ್ರ ಸರಿಪಡಿಸಿದರು, ಚಾರ್‌ಮಿನಾರ್ ಚಿತ್ರದ ಯಂತ್ರದ ರೂಪಾಯಿ ಬಂದು ಹಾಲಿ ನಾಣ್ಯದ ಏರಿಳಿತ ನಿಂತಿತು. ನಾಣ್ಯ ನಿಲ್ಲದೆ ವಿಮೆ ನಿಲ್ಲದು. ಇಪ್ಪತ್ತು ವರ್ಷ ಕಟ್ಟಿದ ರೂಪಾಯಿಗೂ ಕೊನೆಗೆ ಸಿಗುವ ರೂಪಾಯಿಗೂ ಒಂದೇ ತೂಕವಿರಬೇಕಲ್ಲ.

1907ರಲ್ಲಿ ನೌಕರರ ಕುಟುಂಬ ಪಿಂಚಣಿ ನಿಧಿ ಹುಟ್ಟಿತು. ಲೆಕ್ಕ ಹಾಕಿದ ಕೈ ಕಚೇರಿಯದು, ಅಪ್ಪಣೆ ನಿಜಾಮರದು. ಈ ಗೌರವದಲ್ಲಿ ಎಷ್ಟು ಪಾಲು ಯಾರದೆಂದು ಅಳೆಯಹೋಗುವುದು ವ್ಯರ್ಥ. ಒಬ್ಬೊಬ್ಬ ವಿಧವೆಯ ಅರ್ಜಿಗೆ ಕರಗಿ ಮುಷ್ಟಿ ತುಂಬ ಕೊಡುತ್ತಿದ್ದ ದೊರೆ, ಅರ್ಜಿಯೇ ಬೇಡದ ಒಂದು ಏರ್ಪಾಡಿಗೆ ಮುದ್ರೆ ಒತ್ತಿದರೆಂಬುದು ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಕೊಡುಗೈ ದೊರೆ ಹೈದರಾಬಾದಿನಲ್ಲಿದ್ದ. ಮಕ್ತಲಿನ ಗುಮಾಸ್ತನ ವಿಧವೆಗೆ ಅಲ್ಲಿಗೆ ಹೋಗುವ ದಾರಿ ಗೊತ್ತಿರಲಿಲ್ಲ.

ಇಂಥ ನಿಧಿ ನಡೆಯುವ ಬಗೆ ಹೀಗೆ. ಸಾವಿರ ಮಂದಿ ಮೂವತ್ತರ ಪ್ರಾಯದವರಲ್ಲಿ ಈ ವರ್ಷ ಯಾರು ಸಾಯುವರೆಂದು ಜೋಯಿಸನೂ ಹೇಳಲಾರ. ಎಷ್ಟು ಮಂದಿ ಸಾಯುವರೆಂದು ಮರಣದ ಕೋಷ್ಟಕ ಸುಮಾರಾಗಿ ಹೇಳುತ್ತದೆ. ಆ ಎಣಿಕೆಯ ಮೇಲೆ ಕಂತು. ಚಿಕ್ಕ ಪ್ರಾಯದಲ್ಲಿ ಸೇರಿದವನಿಗೆ ಕಡಿಮೆ, ತಡವಾಗಿ ಸೇರಿದವನಿಗೆ ಹೆಚ್ಚು. ಕಡ್ಡಾಯ ಮಾಡುವುದಕ್ಕೂ ಕಾರಣವುಂಟು. ಮನಸ್ಸಿದ್ದವರು ಸೇರಲಿ ಎಂದರೆ ಕೆಮ್ಮುವವರು ಮೊದಲು ಬರುತ್ತಾರೆ, ಗಟ್ಟಿಮುಟ್ಟಾದವರು ದೂರ ನಿಲ್ಲುತ್ತಾರೆ, ನಿಧಿ ಮುಳುಗುತ್ತದೆ. ಎಲ್ಲರನ್ನೂ ಸೇರಿಸಿ ಸಂಬಳದಲ್ಲೇ ಹಿಡಿದರೆ ಆ ಭಯವಿಲ್ಲ. ಮನೆ ಮನೆ ತಿರುಗುವ ಏಜೆಂಟನ ಕಮಿಷನ್ನೂ ಇಲ್ಲ. ಸಾವಿನ ಮಾತೆತ್ತುವುದೇ ಅಪಶಕುನವೆಂದು ಎದ್ದುಹೋಗುವ ಹಿರಿಯರನ್ನು ಒಪ್ಪಿಸುವ ಕಷ್ಟವೂ ಇಲ್ಲ. ನಮ್ಮಲ್ಲಿ ವಿಮೆಯ ಏಜೆಂಟರಾಗಿದ್ದ ಹಳಬರನ್ನು ಕೇಳಿದರೆ ಈ ಕಷ್ಟ ಎಷ್ಟೆಂದು ತಿಳಿಯುತ್ತದೆ.

ಆದರೆ ವಿಧವೆಗೆ ತಿಂಗಳ ಪಿಂಚಣಿ ಎಂಬುದು ಬಲು ತೊಡಕಿನ ಲೆಕ್ಕ. ನಲ್ವತ್ತೈದರ ಗುಮಾಸ್ತನಿಗೆ ಹದಿನೆಂಟರ ಎರಡನೆಯ ಹೆಂಡತಿ ಇರುತ್ತಿದ್ದ ಕಾಲ. ಅವನು ಸತ್ತರೆ ಅವಳು ಐವತ್ತು ವರ್ಷ ಬಾಳಬಹುದು. ಹಿಂದೂ ವಿಧವೆಯ ಮರುವಿವಾಹ ಇಲ್ಲವೆನ್ನುವಷ್ಟು ಕಡಿಮೆ. ಒಟ್ಟಿಗೆ ಒಂದು ಮೊತ್ತ ಕೊಟ್ಟು ಮುಗಿಸುವ ಜೀವವಿಮೆ ನಿಧಿಗೆ ಸುಲಭ. ಮುಂದೆ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಈ ಏರ್ಪಾಡು ಹೈದರಾಬಾದ್ ಸ್ಟೇಟ್ ಲೈಫ್ ಇನ್ಶೂರೆನ್ಸ್ ಎಂಬ ರೂಪ ತಾಳಿತು. ನಿಧಿಗೆ ಸುಲಭವಾದದ್ದು ವಿಧವೆಗೂ ಒಳ್ಳೆಯದೇ ಎಂಬುದು ಬೇರೆ ಪ್ರಶ್ನೆ. ಅವಿಭಕ್ತ ಕುಟುಂಬದಲ್ಲಿ ಒಟ್ಟು ಮೊತ್ತ ಬಂತೆಂದರೆ ಅದು ಅವಳ ಸೆರಗಿಗೆ ಬೀಳುವ ಮೊದಲು ಮೈದುನರ ಕೈಗೆ ಬೀಳುತ್ತಿತ್ತು. ಬ್ರಿಟಿಷ್ ಇಂಡಿಯದಲ್ಲಿ ಹೆಂಡತಿಯ ಹೆಸರಿನ ವಿಮೆ ಹೆಂಡತಿಯದೇ ಎಂದು 1874ರ ಕಾಯಿದೆ ಹೇಳಿದ್ದರೂ, ಅದು ಹಿಂದೂಗಳಿಗೆ ಸಲ್ಲುವುದೇ ಎಂಬ ವಾದ 1923ರ ತಿದ್ದುಪಡಿಯವರೆಗೂ ಮುಗಿಯಲಿಲ್ಲ. ತಿಂಗಳು ತಿಂಗಳು ಬರುವ ಹತ್ತು ರೂಪಾಯಿಯನ್ನು ಯಾರೂ ಒಮ್ಮೆಲೇ ಕಬಳಿಸಲಾರರು. ನಮ್ಮ ಅಭಿಪ್ರಾಯದಲ್ಲಿ 1907ರ ಮೊದಲ ಯೋಚನೆಯಲ್ಲಿ ಹೆಂಗಸಿನ ಕಷ್ಟ ಹೆಚ್ಚು ಚೆನ್ನಾಗಿ ತಿಳಿದಿತ್ತು.

ನಿಧಿ ಹುಟ್ಟಿದ ಮರುವರ್ಷವೇ ಹೈದರಾಬಾದು ಹಿಂದೆಂದೂ ಕಾಣದ ಸಾವನ್ನು ಕಂಡಿತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಪೇಟೆಯೊಳಗೆ ನುಗ್ಗಿತು. ಸಾವಿರಾರು ಮಂದಿ ಕೊಚ್ಚಿಹೋದರು. ಅಫ್ಜಲಗಂಜಿನ ಆಸ್ಪತ್ರೆಯ ತೋಟದ ಒಂದು ಹುಣಸೆಮರವೇರಿ ಸುಮಾರು 150 ಮಂದಿ ಉಳಿದರು. ಮರ ಇಂದಿಗೂ ಇದೆ. ನಿಜಾಮರು ಅರಮನೆಯ ಬಾಗಿಲು ತೆರೆಸಿದರು, ಗಂಜಿಕೇಂದ್ರ ಹಾಕಿಸಿದರು, ತಾವೇ ಹೋಗಿ ನೋಡಿದರು. ಜನರ ನಡುವೆ ನಿಂತು ಅತ್ತರೆಂದು ಕಂಡವರು ಹೇಳಿದರಂತೆ. ಮರುವರ್ಷ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡು ನಗರಕ್ಕೆ ಮತ್ತೆ ನೀರು ನುಗ್ಗದಂತೆ ಯೋಜನೆ ಹಾಕಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕೆರೆಗಳು ಆ ಯೋಜನೆಯ ಫಲ. ಅವು ತುಂಬುವುದನ್ನು ನೋಡಲು ಅವರು ಉಳಿಯಲಿಲ್ಲ. 1911ರ ಆಗಸ್ಟ್ 29ರಂದು ಫಲಕ್‌ನುಮಾ ಅರಮನೆಯಲ್ಲಿ ತೀರಿಕೊಂಡರು. ವಯಸ್ಸು 45. ಮಕ್ಕಾ ಮಸೀದಿಯ ಅಂಗಳದಲ್ಲಿ ವಂಶದವರ ಸಾಲಿನಲ್ಲಿ ಮಣ್ಣು ಮಾಡಿದರು.

ಅವರು ಬಿಟ್ಟುಹೋದ ರಾಜ್ಯ 1948ರಲ್ಲಿ ಭಾರತದೊಳಗೆ ಸೇರಿತು, 1956ರ ನವೆಂಬರ್ 1ರಂದು ಮೂರು ಹೋಳಾಯಿತು. ರಾಯಚೂರು, ಕಲಬುರ್ಗಿ, ಬೀದರ ಮೈಸೂರಿಗೆ. ಆದರೆ ರಾಯಚೂರಿನಿಂದ ಗದ್ವಾಲ್, ಆಲಂಪುರ ತಾಲ್ಲೂಕುಗಳನ್ನು ಕತ್ತರಿಸಿ ಆಂಧ್ರಕ್ಕೆ ಕೊಟ್ಟರು. ಮಕ್ತಲ್, ನಾರಾಯಣಪೇಟೆ ಮಹಬೂಬನಗರದೊಂದಿಗೆ ಆಂಧ್ರಕ್ಕೇ ಹೋದವು. ಅದೇ ದಿನ ಕಾಸರಗೋಡು ಎಲ್ಲಿಗೆ ಹೋಯಿತೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಅದೇ ವರ್ಷ ಸೆಪ್ಟೆಂಬರ್ 1ರಂದು 245 ವಿಮಾ ಸಂಸ್ಥೆಗಳನ್ನು ಒಂದುಗೂಡಿಸಿ ಜೀವವಿಮಾ ನಿಗಮವಾಯಿತು. ಸರಕಾರಗಳು ತಮ್ಮ ನೌಕರರಿಗೆ ಕಡ್ಡಾಯವಾಗಿ ನಡೆಸುತ್ತಿದ್ದ ಯೋಜನೆಗಳನ್ನು ಮಾತ್ರ ಆ ಕಾಯಿದೆ ಮುಟ್ಟಲಿಲ್ಲ. ಹೀಗೆ ಮೂವರು ಅರಸರ ಕಾಲದ ಮೂರು ಏರ್ಪಾಡುಗಳು ಮೂರು ರಾಜ್ಯಗಳಲ್ಲಿ ಉಳಿದುಬಂದವು.

ಇಲ್ಲಿ ಒಂದು ಮಾತು. ನಮ್ಮ ಸಂವಿಧಾನದಲ್ಲಿ ವಿಮೆ ಕೇಂದ್ರದ ಪಟ್ಟಿಗೆ ಸೇರಿದ ವಿಷಯ. ರಾಜ್ಯ ಸರಕಾರ ವಿಮಾ ಕಂಪೆನಿಗಳ ಕಾವಲುಗಾರನಲ್ಲ. ಆ ಕಾವಲಿಗೆ 1999ರ ಕಾಯಿದೆಯಂತೆ ಹುಟ್ಟಿದ ಪ್ರಾಧಿಕಾರ ಇದೆ, ಅದರ ಮುಖ್ಯ ಕಚೇರಿ ಇರುವುದು ನಿಜಾಮರ ಹೈದರಾಬಾದಿನಲ್ಲೇ. ಆದರೆ ತನ್ನ ನೌಕರರ ವಿಮೆಯಲ್ಲಿ ರಾಜ್ಯವೇ ಧಣಿ, ರಾಜ್ಯವೇ ವಿಮೆಗಾರ, ನಿಯಮ ಬರೆಯುವವನೂ ರಾಜ್ಯವೇ, ಹಣ ಇರುವುದೂ ಅದರ ಖಜಾನೆಯಲ್ಲೇ. ಕಂಪೆನಿ ದಿವಾಳಿಯಾಗುವ ಭಯ ಇಲ್ಲಿಲ್ಲ ನಿಜ. ಕೊಡಬೇಕಾದದ್ದನ್ನು ತಡಮಾಡಿದರೆ ಕೇಳುವವರು ಯಾರೆಂಬ ಪ್ರಶ್ನೆ ಇದೆ. ಎಲಿಜರ್ ರೈಟರು ಕಂಪೆನಿಗಳನ್ನು ಕೇಳಿದಂತೆ ಖಜಾನೆಯನ್ನು ಕೇಳುವ ಗಣಿತಜ್ಞರು ಬೇಕಾಗಿದ್ದಾರೆ.

2014ರಲ್ಲಿ ತೆಲಂಗಾಣ ಬೇರೆಯಾದಾಗ ಜೀವವಿಮಾ ಇಲಾಖೆಯೂ ಎರಡಾಯಿತು. 2016ರಲ್ಲಿ ಗದ್ವಾಲ್ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ರಾಯಚೂರಿನಿಂದ ಗದ್ವಾಲಿಗೆ ಈಗ ರೈಲೂ ಇದೆ. ಒಂದೇ ಡಬ್ಬಿಯಲ್ಲಿ ಎದುರುಬದುರು ಕುಳಿತ ಇಬ್ಬರು ಕನ್ನಡ ಮಾತಾಡುವ ಮಾಸ್ತರುಗಳಲ್ಲಿ ರಾಯಚೂರಿನವರ ಕಂತು ಚಾಮರಾಜೇಂದ್ರ ಒಡೆಯರ ಕಾಲದ ಇಲಾಖೆಗೆ ಹೋಗುತ್ತದೆ. ಗದ್ವಾಲಿನವರದು ಮಹಬೂಬ್ ಅಲಿ ಖಾನರ ಕಾಲದ್ದಕ್ಕೆ.